ಹನ್ನೆರಡು ಕ್ಯಾಮೆರಾ, ಒಂದು ಕುದುರೆ: ನಿಂತ ಫೋಟೋವನ್ನು ಓಡಿಸಿದ ಮೈಬ್ರಿಜ್ ಕಥೆ

ಕಳೆದ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಪ್ರೆಸೆಂಟೇಶನ್ನಿನಲ್ಲಿ ನಮ್ಮ ಮರ್ಯಾದೆ ಹೋದ ಕಥೆಯಿಂದಲೇ ಶುರು ಮಾಡ್ತೀವಿ. ನಾವು ನಾಲ್ಕು ಜನ ಸೇರಿ ನಾಲ್ಕು ಕಾಲಿನ ಒಂದು ಪುಟ್ಟ ರೋಬೋಟ್ ಮಾಡಿದ್ದೆವು. ಅದು ನಡೆಯುತ್ತಿತ್ತು, ಅಥವಾ ನಡೆಯುತ್ತೆ ಅಂತ ನಾವು ನಂಬಿದ್ದೆವು. ಹಾಸ್ಟೆಲಿನ ಪಕ್ಕದ ರೂಮಿನ ಮೆಕ್ಯಾನಿಕಲ್ ಗೆಳೆಯನೊಬ್ಬ ಕಾರಿಡಾರಿನ ನೆಲದ ಮೇಲೆ ಬೋರಲಾಗಿ ಮಲಗಿ, ಒಂದು ಗಂಟೆ ಹೊತ್ತು ಮೊಬೈಲಿನ ಬರ್ಸ್ಟ್ ಮೋಡಿನಲ್ಲಿ ಅದರ ಫೋಟೋ ತೆಗೆದುಕೊಟ್ಟಿದ್ದ. ಆ ಫೋಟೋಗಳನ್ನೆಲ್ಲ ಪಿಪಿಟಿಗೆ ಹಾಕಿ, ಪವರ್‌ಪಾಯಿಂಟಿನಲ್ಲಿ ಎಷ್ಟು ಅನಿಮೇಷನ್ ಇದೆಯೋ ಅಷ್ಟನ್ನೂ ಬಳಸಿದೆವು. ಒಂದು ಫೋಟೋ ಎಡಗಡೆಯಿಂದ ಹಾರಿ ಬಂತು, ಇನ್ನೊಂದು ಚೆಂಡಿನ ಹಾಗೆ ಪುಟಿಯಿತು, ಮತ್ತೊಂದು ಬುಗುರಿಯ ಹಾಗೆ ಸುತ್ತಿ ಸುತ್ತಿ ನಿಂತಿತು. ಹಿಂದಿನ ಬೆಂಚಿನವರು ಶಿಳ್ಳೆ ಹೊಡೆದರು.

ಗೈಡ್ ಸರ್ ಮಾತ್ರ ಒಂದೇ ಪ್ರಶ್ನೆ ಕೇಳಿದರು. ಫೋಟೋ ಇಷ್ಟೆಲ್ಲ ಕುಣಿಯಿತಲ್ಲ, ರೋಬೋಟಿನ ಯಾವ ಕಾಲು ಮೊದಲು ಮೇಲೇಳುತ್ತೆ ಅನ್ನೋದು ಎಲ್ಲಿ ಕಾಣಿಸಿತು ಅಂತ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುಂದಿನ ವಾರ ಮತ್ತೆ ಬನ್ನಿ, ಬರೋ ಮುಂಚೆ ಮೈಬ್ರಿಜ್ ಅನ್ನೋನ ಕುದುರೆ ಬಗ್ಗೆ ಓದಿಕೊಂಡು ಬನ್ನಿ ಅಂತ ಹೇಳಿ ಕಳಿಸಿದರು.

ಓಡುವ ಕುದುರೆಯ ಆ ಕಪ್ಪು ಬಿಳುಪು ಚಿತ್ರಗಳ ಸಾಲನ್ನು ನೀವೂ ಎಲ್ಲೋ ನೋಡಿರುತ್ತೀರಿ. ನಾವೂ ನೋಡಿದ್ದೆವು. ಆದರೆ ಅದರ ಹಿಂದಿನ ಮನುಷ್ಯನ ಬಗ್ಗೆ ಓದೋಕೆ ಕೂತವರು ಬೆಳಗಿನ ಜಾವ ಮೂರು ಗಂಟೆಯವರೆಗೂ ಏಳಲಿಲ್ಲ. ಅಪಘಾತ, ಕೊಲೆ, ಕೋರ್ಟು, ಮೋಸ, ಮಧ್ಯದಲ್ಲಿ ಅದ್ಭುತವಾದ ಎಂಜಿನಿಯರಿಂಗ್. ಜೊತೆಗೆ, ಸ್ಲೈಡ್ ಶೋದಲ್ಲಿ ಫೋಟೋವನ್ನು ಓಡಿಸಿ ತೋರಿಸಿದ ಮೊದಲಿಗರಲ್ಲಿ ಈತನೂ ಒಬ್ಬ. ನಾವು ಪಿಪಿಟಿಯಲ್ಲಿ ಮಾಡುವ ಕೆಲಸವನ್ನು ಈತ ಬಲ್ಬ್ ಕೂಡ ಇಲ್ಲದ ಕಾಲದಲ್ಲಿ ನಮಗಿಂತ ಚೆನ್ನಾಗಿ ಮಾಡಿದ್ದ.

ಹೆಸರು ಬದಲಿಸುತ್ತಲೇ ಇದ್ದ ಹುಡುಗ

ಹುಟ್ಟಿದ್ದು 1830ರ ಏಪ್ರಿಲ್ 9ರಂದು, ಲಂಡನ್ನಿಗೆ ಹತ್ತಿರದ, ಥೇಮ್ಸ್ ನದಿ ದಂಡೆಯ ಕಿಂಗ್‌ಸ್ಟನ್ ಎಂಬ ಊರಿನಲ್ಲಿ. ಇಟ್ಟ ಹೆಸರು ಎಡ್ವರ್ಡ್ ಜೇಮ್ಸ್ ಮಗರಿಜ್. ಅಪ್ಪ ದವಸ ಮತ್ತು ಕಲ್ಲಿದ್ದಲಿನ ವ್ಯಾಪಾರಿ. ಹುಡುಗನಿಗೆ 13 ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡ. ಇಪ್ಪತ್ತರ ಆಸುಪಾಸಿನಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ವಯಸ್ಸಿನಲ್ಲಿ, ಹಡಗು ಹತ್ತಿ ಅಮೆರಿಕಕ್ಕೆ ಹೋದ. ಅಲ್ಲಿ ಮೊದಲು ಮಾಡಿದ್ದು ಪುಸ್ತಕ ವ್ಯಾಪಾರ. 1855ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುಸ್ತಕದಂಗಡಿ ಇಟ್ಟಿದ್ದ. ಚಿನ್ನದ ಆಸೆಗೆ ಜನ ಮುಗಿಬಿದ್ದು ರಾತ್ರೋರಾತ್ರಿ ಬೆಳೆದ ಊರು ಅದು.

ಈತನಿಗೆ ತನ್ನ ಹೆಸರಿನ ಬಗ್ಗೆ ಅದೇನು ಅಸಮಾಧಾನವೋ ಗೊತ್ತಿಲ್ಲ. ನಾವು ಇನ್‌ಸ್ಟಾ ಹ್ಯಾಂಡಲ್ ಬದಲಿಸುವ ಹಾಗೆ ಬದಲಿಸುತ್ತಾ ಹೋದ. ಮಗರಿಜ್ ಹೋಗಿ ಮೈಗ್ರಿಜ್ ಆಯ್ತು, ಮೈಗ್ರಿಜ್ ಹೋಗಿ ಮೈಬ್ರಿಜ್ ಆಯ್ತು. ವಯಸ್ಸಾದ ಮೇಲೆ ಎಡ್ವರ್ಡ್ ಅನ್ನೋದನ್ನೂ ಬಿಡದೆ, ಹಳೇ ಇಂಗ್ಲಿಷ್ ರಾಜರ ಕಾಲದ ಕಾಗುಣಿತದಲ್ಲಿ ಬರೆಯತೊಡಗಿದ. ಕಿಂಗ್‌ಸ್ಟನ್ನಿನಲ್ಲಿ ಹಿಂದಿನ ಕಾಲದ ರಾಜರ ಪಟ್ಟಾಭಿಷೇಕದ ಕಲ್ಲು ಅಂತ ಒಂದಿದೆ. ಅದರ ಪೀಠದಲ್ಲಿ ಕೆತ್ತಿರುವ ಹೆಸರುಗಳಿಂದ ಈ ಕಾಗುಣಿತ ಹೆಕ್ಕಿಕೊಂಡ ಅಂತಾರೆ. ಹೆಸರಿನ ಈ ವಿಷಯ ನೆನಪಿಟ್ಟುಕೊಳ್ಳಿ. ಕಥೆಯ ಕೊನೆಯಲ್ಲಿ ಮತ್ತೆ ಬರುತ್ತೆ.

ಗಾಡಿ ಉರುಳಿದ ದಿನ

1860ರಲ್ಲಿ ಊರಿಗೆ ಹೋಗಿಬರೋಣ ಅಂತ ಹೊರಟ. ಹಡಗು ಬಿಟ್ಟು ನೆಲದ ದಾರಿ ಹಿಡಿದ. ಆಗ ರೈಲು ಇರಲಿಲ್ಲ. ಟೆಕ್ಸಾಸಿನ ಕಾಡುದಾರಿಯಲ್ಲಿ ಕುದುರೆಗಳು ಹುಚ್ಚೆದ್ದು ಓಡಿ, ಗಾಡಿ ನುಚ್ಚುನೂರಾಯಿತು. ಮೈಬ್ರಿಜ್ ಹೊರಗೆ ಎಸೆಯಲ್ಪಟ್ಟ. ತಲೆಗೆ ಭಾರೀ ಪೆಟ್ಟು. ಎಚ್ಚರವಾದಾಗ ಒಂದೊಂದು ವಸ್ತುವೂ ಎರಡೆರಡಾಗಿ ಕಾಣುತ್ತಿತ್ತು. ನಾಲಿಗೆಗೆ ರುಚಿ ಇಲ್ಲ, ಮೂಗಿಗೆ ವಾಸನೆ ಇಲ್ಲ. ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ತಿಂಗಳುಗಟ್ಟಲೆ ಔಷಧಿ ಮಾಡಿಸಿಕೊಂಡ.

ಈ ಪೆಟ್ಟು ಮೆದುಳಿನ ಮುಂಭಾಗಕ್ಕೆ ಬಿದ್ದಿರಬಹುದು, ಮುಂದೆ ಈತನ ಸ್ವಭಾವ ಅಷ್ಟು ವಿಚಿತ್ರವಾಗಿದ್ದಕ್ಕೆ ಅದೇ ಕಾರಣ ಇರಬಹುದು ಅಂತ ನಮ್ಮ ಕಾಲದ ಮನೋವಿಜ್ಞಾನಿಗಳು ಬರೆದಿದ್ದಾರೆ. ನಮಗೆ ಆಶ್ಚರ್ಯ ಅನ್ನಿಸಿದ್ದು ಬೇರೆ. ಕುದುರೆ ಕಾಲಿಗೆ ಸಿಕ್ಕಿ ಸಾಯಬೇಕಾಗಿದ್ದವನೇ ಮುಂದೆ ಕುದುರೆ ಕಾಲಿನಿಂದ ಹೆಸರು ಮಾಡಿದ.

ಇಂಗ್ಲೆಂಡಿನಲ್ಲಿದ್ದ ಆ ವರ್ಷಗಳಲ್ಲಿ ಫೋಟೋಗ್ರಫಿ ಕಲಿತ. 1867ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋಗೆ ವಾಪಸ್ ಬಂದಾಗ ಪುಸ್ತಕ ವ್ಯಾಪಾರಿ ಹೋಗಿ ಫೋಟೋಗ್ರಾಫರ್ ಆಗಿದ್ದ. ಫೋಟೋಗಳ ಕೆಳಗೆ ಹೀಲಿಯೋಸ್ ಅಂತ ಇನ್ನೊಂದು ಹೆಸರು ಹಾಕುತ್ತಿದ್ದ. ಗ್ರೀಕರ ಸೂರ್ಯದೇವನ ಹೆಸರು! ಯೊಸೆಮಿಟಿ ಕಣಿವೆಯ ಬಂಡೆ, ಜಲಪಾತಗಳ ಚಿತ್ರಗಳಿಂದ ಊರೆಲ್ಲ ಹೆಸರಾಯಿತು. ಆಗಿನ ಪ್ಲೇಟುಗಳಲ್ಲಿ ಆಕಾಶ ಬರೀ ಬೆಳ್ಳಗೆ ಬರುತ್ತಿತ್ತು. ಹಾಗಾಗಿ ಬೇರೆ ನೆಗೆಟಿವಿನಿಂದ ಮೋಡ ತಂದು ಸೇರಿಸುತ್ತಿದ್ದ. ಫೋಟೋಶಾಪ್ ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮುಂಚೆ!

ಕುದುರೆಯ ಪ್ರಶ್ನೆ

ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಅಂತ ಒಬ್ಬ ದೊಡ್ಡ ಶ್ರೀಮಂತ. ಕ್ಯಾಲಿಫೋರ್ನಿಯಾದ ಮಾಜಿ ಗವರ್ನರ್, ಸೆಂಟ್ರಲ್ ಪೆಸಿಫಿಕ್ ರೈಲು ಕಂಪನಿಯ ಅಧ್ಯಕ್ಷ. ರೇಸ್ ಕುದುರೆ ಅಂದರೆ ಪ್ರಾಣ. ಆತನ ತಲೆಯಲ್ಲಿದ್ದ ಪ್ರಶ್ನೆ ಇಷ್ಟೇ: ಕುದುರೆ ಜೋರಾಗಿ ಹೋಗುವಾಗ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟಿರುವ ಕ್ಷಣ ಇದೆಯೋ ಇಲ್ಲವೋ? ಕೇಳೋಕೆ ಸುಲಭ. ಆದರೆ ಕಣ್ಣಿಗೆ ಕಾಣಲ್ಲ. ಸಾವಿರಾರು ವರ್ಷಗಳಿಂದ ಮನುಷ್ಯ ಕುದುರೆ ಜೊತೆಗೇ ಬದುಕಿದ್ದಾನೆ, ಅದರ ಮೇಲೆ ಕೂತು ಯುದ್ಧ ಮಾಡಿದ್ದಾನೆ, ಆದರೂ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಈ ಪ್ರಶ್ನೆಗೆ 25,000 ಡಾಲರ್ ಬೆಟ್ ಕಟ್ಟಿದ್ದರು ಅಂತ ಒಂದು ಕಥೆ ಇಂಟರ್ನೆಟ್ಟಿನ ತುಂಬ ಇದೆ. ಆದರೆ ಅದಕ್ಕೆ ಪುರಾವೆ ಏನೂ ಸಿಕ್ಕಿಲ್ಲ.

1872ರಲ್ಲಿ ಸ್ಟ್ಯಾನ್‌ಫರ್ಡ್ ಮೈಬ್ರಿಜ್‌ಗೆ ಈ ಕೆಲಸ ಕೊಟ್ಟ. ಮೊದಲು ತೆಗೆದ ಚಿತ್ರಗಳು ಬರೀ ನೆರಳಿನ ಹಾಗೆ ಬಂದವು. ಆಗಿನ ಫೋಟೋಗ್ರಫಿ ಅಂದರೆ ಗಾಜಿನ ಫಲಕಕ್ಕೆ ಅಂಟಿನಂಥ ದ್ರಾವಣ ಬಳಿದು, ಬೆಳ್ಳಿಯ ಲವಣದಲ್ಲಿ ಅದ್ದಿ, ಒಣಗುವ ಮುಂಚೆಯೇ ಕ್ಯಾಮೆರಾಗೆ ಹಾಕಿ, ಫೋಟೋ ತೆಗೆದು, ತಕ್ಷಣ ಕತ್ತಲೆಯಲ್ಲಿ ತೊಳೆಯಬೇಕು. ಲೆನ್ಸಿನ ಮುಚ್ಚಳವನ್ನು ಕೈಯಿಂದ ತೆಗೆದು, ಸೆಕೆಂಡು ಎಣಿಸಿ ಮತ್ತೆ ಮುಚ್ಚುವ ಕಾಲ. ಅಂಥಾ ಕಾಲದಲ್ಲಿ ಓಡುವ ಕುದುರೆಯನ್ನು ಹಿಡಿಯೋದು ಅಂದರೆ ಜರಡಿಯಲ್ಲಿ ನೀರು ಹಿಡಿದ ಹಾಗೆ. ಕೆಲಸ ಅರ್ಧಕ್ಕೇ ನಿಂತಿತು. ನಿಲ್ಲೋಕೆ ಇನ್ನೊಂದು ಕಾರಣವೂ ಇತ್ತು.

ಒಂದು ಕೊಲೆ

ಇದನ್ನು ಬರೆಯೋದೋ ಬಿಡೋದೋ ಅಂತ ನಮ್ಮಲ್ಲೇ ಜಗಳ ಆಯ್ತು. ಕೊನೆಗೆ, ಸಾಧಕರ ಜೀವನಚರಿತ್ರೆ ಅಂತ ಹೇಳಿ ಒಳ್ಳೇದನ್ನಷ್ಟೇ ಬರೆದರೆ ಅದು ಎಡಿಟ್ ಮಾಡಿದ ಫೋಟೋ ಆಗುತ್ತೆ ಅಂತ ಒಪ್ಪಿಕೊಂಡೆವು.

1871ರಲ್ಲಿ ಮೈಬ್ರಿಜ್ ಫ್ಲೋರಾ ಎಂಬ ಯುವತಿಯನ್ನು ಮದುವೆಯಾದ. ಆಕೆ ಈತನಿಗಿಂತ ಸುಮಾರು ಇಪ್ಪತ್ತು ವರ್ಷ ಚಿಕ್ಕವಳು. ಈತ ಕ್ಯಾಮೆರಾ ಹೊತ್ತು ತಿಂಗಳುಗಟ್ಟಲೆ ಮನೆಯಿಂದ ದೂರ. 1874ರಲ್ಲಿ ಗಂಡುಮಗು ಹುಟ್ಟಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮಗುವಿನ ಒಂದು ಫೋಟೋದ ಹಿಂಭಾಗದಲ್ಲಿ ಹೆಂಡತಿಯ ಕೈಬರಹದಲ್ಲಿ ಹ್ಯಾರಿ ಎಂಬ ಹೆಸರು ಕಂಡಿತು. ಹ್ಯಾರಿ ಲಾರ್ಕಿನ್ಸ್ ಅವರಿಬ್ಬರಿಗೂ ಪರಿಚಯದವನು. ಮೈಬ್ರಿಜ್ ಹೊರಟು, ಕ್ಯಾಲಿಸ್ಟೋಗಾ ಎಂಬ ಊರಿನ ಹತ್ತಿರ ಲಾರ್ಕಿನ್ಸ್ ಇದ್ದ ಮನೆ ಹುಡುಕಿ, ಬಾಗಿಲಿಗೆ ಕರೆಸಿ ಗುಂಡು ಹೊಡೆದ. ಆತ ಸತ್ತ.

1875ರ ಫೆಬ್ರವರಿಯಲ್ಲಿ ವಿಚಾರಣೆ. ತಲೆಗೆ ಬಿದ್ದ ಆ ಹಳೇ ಪೆಟ್ಟಿನಿಂದ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ವಕೀಲರು ವಾದಿಸಿದರು. ಜ್ಯೂರಿ ಅದನ್ನು ಒಪ್ಪಲಿಲ್ಲ. ಹುಚ್ಚನಲ್ಲ, ಆದರೆ ಗಂಡನಾಗಿ ಆತ ಮಾಡಿದ್ದು ಸರಿಯೇ ಅಂತ ತೀರ್ಮಾನಿಸಿ ಬಿಟ್ಟುಬಿಟ್ಟಿತು! ಮೈಬ್ರಿಜ್ ಕ್ಯಾಮೆರಾ ಎತ್ತಿಕೊಂಡು ಮಧ್ಯ ಅಮೆರಿಕಕ್ಕೆ ಹೊರಟುಹೋದ. ಫ್ಲೋರಾ ಅದೇ ವರ್ಷ ಕಾಯಿಲೆಯಿಂದ ಸತ್ತಳು. ಮಗು ಅನಾಥಾಶ್ರಮ ಸೇರಿತು. ಫ್ಲೊರಾಡೊ ಎಂಬ ಹೆಸರಿನ ಆ ಹುಡುಗ ತೋಟದ ಕೆಲಸ, ಕೂಲಿ ಕೆಲಸ ಮಾಡಿಕೊಂಡು ಬದುಕಿ, 1944ರಲ್ಲಿ ಕಾರು ಗುದ್ದಿ ಸತ್ತ. ದೊಡ್ಡವನಾದ ಮೇಲೆ ಆತನ ಮುಖ ಮೈಬ್ರಿಜ್ ಮುಖದ ಹಾಗೇ ಇತ್ತು ಅಂತ ಆತನ ಫೋಟೋ ನೋಡಿದವರು ಬರೆದಿದ್ದಾರೆ. ಕುದುರೆಯ ಕಾಲಿನಲ್ಲಿ ಯಾರಿಗೂ ಕಾಣದ್ದನ್ನು ಕಂಡವನಿಗೆ ಮಗನ ಮುಖದಲ್ಲಿ ಇದ್ದದ್ದು ಕಾಣಲಿಲ್ಲ. ಇದನ್ನು ಓದಿದ ಮೇಲೆ ನಮಗೆ ಸ್ವಲ್ಪ ಹೊತ್ತು ಮುಂದೆ ಓದೋಕೆ ಮನಸ್ಸಾಗಲಿಲ್ಲ.

1878ರ ಜೂನ್

ವಾಪಸ್ ಬಂದ ಮೇಲೆ ಸ್ಟ್ಯಾನ್‌ಫರ್ಡ್ ಮತ್ತೆ ಕರೆದ. ಈ ಸಲ ದುಡ್ಡಿಗೆ ಬರ ಇರಲಿಲ್ಲ. ಪಾಲೊ ಆಲ್ಟೊದಲ್ಲಿ ಸ್ಟ್ಯಾನ್‌ಫರ್ಡನ ಕುದುರೆ ಫಾರ್ಮಿನಲ್ಲಿ ಉದ್ದನೆ ಶೆಡ್ ಕಟ್ಟಿ, ಒಂದರ ಪಕ್ಕ ಒಂದು 12 ಕ್ಯಾಮೆರಾ ಸಾಲಾಗಿ ಇಟ್ಟರು. ಎದುರಿಗೆ ಓಟದ ದಾರಿ, ಅದರಾಚೆ ಬಿಳೀ ಪರದೆ, ಪರದೆ ಮೇಲೆ ನಂಬರ್ ಹಾಕಿದ ಗೆರೆಗಳು. ಅಂದರೆ ನಮ್ಮ ಗ್ರಾಫ್ ಶೀಟೇ!

ಇನ್ನು ಶಟರ್. ಇಲ್ಲಿ ನಮ್ಮ ಎಲೆಕ್ಟ್ರಾನಿಕ್ಸ್‌ನವರು ಕಿವಿ ನಿಮಿರಿಸಬೇಕು. ಪ್ರತಿ ಲೆನ್ಸಿನ ಮುಂದೆ ಎರಡು ಹಲಗೆಗಳು, ರಬ್ಬರ್ ಎಳೆತದಲ್ಲಿ ಬಿಗಿಯಾಗಿ ಕೂತಿರುತ್ತವೆ. ಕೊಂಡಿಯನ್ನು ಬಿಡಿಸೋದು ವಿದ್ಯುತ್ಕಾಂತ. ಕೊಂಡಿ ಬಿಟ್ಟರೆ ಹಲಗೆಗಳು ಎದುರುಬದುರು ದಿಕ್ಕಿನಲ್ಲಿ ಜಾರುತ್ತವೆ, ಅವುಗಳ ಸಂದು ಲೆನ್ಸಿನ ಮುಂದೆ ಕ್ಷಣಮಾತ್ರ ಒಂದಾಗಿ ಬೆಳಕು ಒಳಗೆ ನುಗ್ಗುತ್ತೆ. ಸ್ವಿಚ್ ಒತ್ತೋರು ಯಾರು? ಕುದುರೆಯೇ! ಗಾಡಿ ಎಳೆಯುವ ಕುದುರೆಯಾದರೆ ಗಾಡಿಯ ಚಕ್ರ ನೆಲದ ಮೇಲಿನ ತಂತಿಗಳನ್ನು ಒಂದೊಂದಾಗಿ ತುಳಿದು ಸರ್ಕ್ಯೂಟ್ ಪೂರ್ತಿ ಮಾಡುತ್ತಿತ್ತು. ಸವಾರಿ ಕುದುರೆಯಾದರೆ ದಾರಿಗೆ ಅಡ್ಡ ಕಟ್ಟಿದ ದಾರಗಳನ್ನು ಎದೆಯಿಂದ ಎಳೆದು ಹರಿಯುತ್ತಾ ಹೋಗುತ್ತಿತ್ತು. ಈ ವಿದ್ಯುತ್ ವ್ಯವಸ್ಥೆಯ ಹಿಂದೆ ಕೆಲಸ ಮಾಡಿದ್ದು ರೈಲು ಕಂಪನಿಯ ಎಂಜಿನಿಯರ್ ಜಾನ್ ಐಸಾಕ್ಸ್. ಈ ಹೆಸರನ್ನು ನೀವು ಈಗಲೇ ಕೇಳ್ತಿದ್ದೀರಿ ತಾನೇ? ನಾವೂ ಅಷ್ಟೇ.

ಜೂನ್ 15ರಂದು ಪತ್ರಕರ್ತರನ್ನು ಕರೆದು ಎಲ್ಲರ ಎದುರಿಗೇ ಫೋಟೋ ತೆಗೆದು, ಅಲ್ಲೇ ತೊಳೆದು ತೋರಿಸಿದ. ಸ್ಯಾಲಿ ಗಾರ್ಡ್ನರ್ ಎಂಬ ಕುದುರೆಯ ಪ್ರಸಿದ್ಧ ಚಿತ್ರಸಾಲಿನ ಮೇಲೆ ಜೂನ್ 19ರ ತಾರೀಖಿದೆ. ಆ ಕಾರ್ಡಿನಲ್ಲೇ ಡೇಟಾ ಕೂಡ ಅಚ್ಚಾಗಿದೆ: ಮೈಲಿಗೆ 1 ನಿಮಿಷ 40 ಸೆಕೆಂಡಿನ ವೇಗ, ಚಿತ್ರಗಳ ಮಧ್ಯೆ 27 ಇಂಚು ದೂರ, ಸೆಕೆಂಡಿನ 25ನೇ ಒಂದು ಭಾಗದಷ್ಟು ಸಮಯ, ಎಕ್ಸ್‌ಪೋಶರ್ ಸೆಕೆಂಡಿನ 2000ನೇ ಒಂದು ಭಾಗಕ್ಕಿಂತ ಕಡಿಮೆ. ನಾವು ಕ್ಯಾಲ್ಕುಲೇಟರ್ ಹಿಡಿದು ಕೂತೆವು. 1609 ಮೀಟರನ್ನು 100 ಸೆಕೆಂಡಿನಲ್ಲಿ ಓಡಿದರೆ ಸೆಕೆಂಡಿಗೆ 16 ಮೀಟರ್. 27 ಇಂಚು ಅಂದರೆ 0.686 ಮೀಟರ್. ಭಾಗಿಸಿದರೆ 0.043 ಸೆಕೆಂಡ್. ಕಾರ್ಡಿನಲ್ಲಿರೋದು 0.04. ಲೆಕ್ಕ ಕೂಡಿತು! ಇನ್ನೂ ಒಂದು ಲೆಕ್ಕ: ಸೆಕೆಂಡಿನ 2000ನೇ ಭಾಗದಲ್ಲಿ ಆ ಕುದುರೆ ಮುಂದೆ ಹೋಗೋದು 8 ಮಿಲಿಮೀಟರ್ ಮಾತ್ರ. ಅದಕ್ಕೇ ಚಿತ್ರ ಕಲಸಿಹೋಗಲಿಲ್ಲ.

ಉತ್ತರ ಸಿಕ್ಕಿತು. ಹೌದು, ನಾಲ್ಕೂ ಕಾಲು ನೆಲ ಬಿಟ್ಟಿರುವ ಕ್ಷಣ ಇದೆ. ಆದರೆ ನಾಗಾಲೋಟದಲ್ಲಿ ಆ ಕ್ಷಣ ಇರೋದು ಎಲ್ಲರೂ ಅಂದುಕೊಂಡಿದ್ದ ಜಾಗದಲ್ಲಿ ಅಲ್ಲ. ಚಿತ್ರಕಾರರು ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ, ಗಾಳಿಯಲ್ಲಿ ಹಾರುವ ಹಾಗೆ ಬರೆಯುತ್ತಿದ್ದರು. ನಿಜದಲ್ಲಿ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮುದುಡಿಕೊಂಡಾಗಲೇ ಅದು ಗಾಳಿಯಲ್ಲಿರೋದು. ಎಷ್ಟೋ ಪ್ರಸಿದ್ಧ ಚಿತ್ರಗಳು ತಪ್ಪು ಅಂತ ಒಂದೇ ಬೇಸಿಗೆಯಲ್ಲಿ ಸಾಬೀತಾಯಿತು.

ಅನಿಮೇಟೆಡ್ ಸ್ಲೈಡ್ ಶೋ

ಜನ ಇದನ್ನು ನಂಬಲಿಲ್ಲ. ಒಂದೊಂದೇ ಚಿತ್ರ ನೋಡಿದರೆ ಕಾಲು ಮುರಿದ ಜೇಡದ ಹಾಗೆ ಅಸಹ್ಯವಾಗಿ ಕಾಣುತ್ತೆ. ಇದು ಕುದುರೆಯೇ ಅಲ್ಲ ಅಂತ ಚಿತ್ರಕಾರರು ತಲೆ ಅಲ್ಲಾಡಿಸಿದರು. ಇವರನ್ನು ಒಪ್ಪಿಸೋದು ಹೇಗೆ? ಬಿಡಿಸಿದ ಚಲನೆಯನ್ನು ಮತ್ತೆ ಜೋಡಿಸಿ ತೋರಿಸಬೇಕು. ನಿಂತ ಚಿತ್ರಗಳೇ ಸೇರಿ ನಿಜವಾದ ಕುದುರೆಯ ಹಾಗೆ ಓಡಿದರೆ, ಬಿಡಿ ಚಿತ್ರಗಳೂ ನಿಜವೇ ಅಂತಾಯಿತು. ಅನಿಮೇಷನ್ ಇಲ್ಲಿ ಅಲಂಕಾರಕ್ಕಲ್ಲ, ಪುರಾವೆಗೆ.

ಆಗ ಮಾಯಾದೀಪ ಅಂತ ಕರೆಯುತ್ತಿದ್ದ ಸ್ಲೈಡ್ ಪ್ರೊಜೆಕ್ಟರುಗಳು ಬಳಕೆಯಲ್ಲಿದ್ದವು. 1879ರಲ್ಲಿ ಮೈಬ್ರಿಜ್ ಅದನ್ನೇ ಬದಲಿಸಿ ಜೂಪ್ರಾಕ್ಸಿಸ್ಕೋಪ್ ಎಂಬ ಯಂತ್ರ ಮಾಡಿದ. ದುಂಡನೆ ಗಾಜಿನ ತಟ್ಟೆ, ಅದರ ಅಂಚಿನ ಸುತ್ತ ಕುದುರೆಯ ಓಟದ ಚಿತ್ರಗಳು. ಎದುರಿಗೆ ಸೀಳುಗಳಿರುವ ಇನ್ನೊಂದು ತಟ್ಟೆ, ಅದು ಉಲ್ಟಾ ದಿಕ್ಕಿನಲ್ಲಿ ತಿರುಗುತ್ತೆ. ಸೀಳು ಮತ್ತು ಚಿತ್ರ ಎದುರಾದ ಒಂದು ಕ್ಷಣ ಮಾತ್ರ ಬೆಳಕು ಪರದೆಗೆ ಬೀಳುತ್ತೆ, ಮತ್ತೆ ಕತ್ತಲೆ, ಮತ್ತೆ ಮುಂದಿನ ಚಿತ್ರ. ಈ ಕತ್ತಲೆ ಇಲ್ಲದೆ ಸುಮ್ಮನೆ ತಟ್ಟೆ ತಿರುಗಿಸಿದರೆ ಎಲ್ಲ ಚಿತ್ರ ಕಲಸಿ ಬೂದಿ ಬಣ್ಣದ ಪಟ್ಟಿಯಾಗುತ್ತೆ.

ಇದರಲ್ಲೊಂದು ತೊಂದರೆ ಇತ್ತು. ಸೀಳು ಒಂದು ಕಡೆ, ಚಿತ್ರ ಇನ್ನೊಂದು ಕಡೆ ಚಲಿಸೋದರಿಂದ ಪರದೆ ಮೇಲೆ ಕುದುರೆ ಅಡ್ಡಡ್ಡ ಕುಗ್ಗಿ ಕುಳ್ಳಗೆ ಕಾಣುತ್ತಿತ್ತು. ಅದಕ್ಕೆ ಕಂಡುಕೊಂಡ ದಾರಿ: ಫೋಟೋ ನೋಡಿ ತಟ್ಟೆಯ ಮೇಲೆ ಕೈಯಿಂದಲೇ ಚಿತ್ರ ಬರೆಸುವಾಗ ಕುದುರೆಯನ್ನು ಬೇಕಂತಲೇ ಉದ್ದಕ್ಕೆ ಎಳೆದು ಬರೆಸೋದು. ತಟ್ಟೆ ಮೇಲೆ ಸೊಟ್ಟ, ಪರದೆ ಮೇಲೆ ನೆಟ್ಟಗೆ. ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದಲ್ಲಿ ಬರುವ ಕಾಂಪೆನ್ಸೇಶನ್ ಅಂದರೆ ಏನು ಅಂತ ನಮಗೆ ನಿಜವಾಗಿ ಅರ್ಥವಾಗಿದ್ದು ಇಲ್ಲಿ.

1880ರ ಮೇ 4ರಂದು ಸ್ಯಾನ್ ಫ್ರಾನ್ಸಿಸ್ಕೋದ ಕಲಾ ಸಂಘದಲ್ಲಿ ಇದರ ಸಾರ್ವಜನಿಕ ಪ್ರದರ್ಶನ. ಆತನ ಉಪನ್ಯಾಸಗಳ ಕ್ರಮ ನೋಡಿ. ಹಳೇ ಕಾಲದವರಿಂದ ತನ್ನ ಕಾಲದವರವರೆಗೆ ಕುದುರೆಯನ್ನು ಹೇಗೆ ಬರೆದಿದ್ದಾರೆ ಅಂತ ಸ್ಲೈಡ್ ತೋರಿಸುವನು. ತನ್ನ ನಿಂತ ಫೋಟೋಗಳ ಸ್ಲೈಡ್ ತೋರಿಸುವನು, ಜನರಿಗೆ ಇದೇನಪ್ಪಾ ಅನ್ನಿಸಬೇಕು. ಆಮೇಲೆ ಯಂತ್ರದ ಹಿಡಿ ತಿರುಗಿಸುವನು. ಪರದೆ ಮೇಲೆ ಕುದುರೆ ಓಡುತ್ತೆ! ಒಂದು ಗಂಟೆಯ ಮಾತಿನಲ್ಲಿ ಅನಿಮೇಷನ್ ಬರೋದು ಬೇಕಾದ ಜಾಗದಲ್ಲಿ ಮಾತ್ರ, ಅದೂ ಒಂದು ಪ್ರಶ್ನೆಗೆ ಉತ್ತರವಾಗಿ. ನಮ್ಮ ಸ್ಲೈಡುಗಳಲ್ಲಿ ಪ್ರಶ್ನೆಯೇ ಇರಲಿಲ್ಲ, ಬರೀ ಕುಣಿತ.

ಮುಖಪುಟದಲ್ಲಿ ಇಲ್ಲದ ಹೆಸರು

1881ರಲ್ಲಿ ಪ್ಯಾರಿಸ್. ವಿಜ್ಞಾನಿ ಮಾರೆ, ಕುದುರೆ ಚಿತ್ರಗಳಿಗೇ ಹೆಸರಾಗಿದ್ದ ಕಲಾವಿದ ಮೆಸೋನಿಯೆ, ಇಬ್ಬರೂ ತಮ್ಮ ಮನೆಗೇ ಕರೆಸಿ ಗಣ್ಯರಿಗೆ ತೋರಿಸಿದರು. 1882ರ ಮಾರ್ಚ್ 13ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್. ಯುವರಾಜ, ಕವಿ ಟೆನಿಸನ್, ವಿಜ್ಞಾನಿ ಹಕ್ಸ್‌ಲಿ ಎಲ್ಲ ಸಭೆಯಲ್ಲಿ ಕೂತಿದ್ದರು. ಊರು ಬಿಟ್ಟು ಹೋದ ಕಲ್ಲಿದ್ದಲು ವ್ಯಾಪಾರಿಯ ಮಗನಿಗೆ ಇದಕ್ಕಿಂತ ಇನ್ನೇನು ಬೇಕು? ರಾಯಲ್ ಸೊಸೈಟಿ ಕೂಡ ಒಂದು ಪ್ರಬಂಧ ಬರೆದುಕೊಡಿ ಅಂತ ಕೇಳಿತು.

ಅಷ್ಟರಲ್ಲಿ ಅಮೆರಿಕದಿಂದ ಒಂದು ಪುಸ್ತಕ ಬಂತು. ಹೆಸರು ದ ಹಾರ್ಸ್ ಇನ್ ಮೋಷನ್. ಮುಖಪುಟದಲ್ಲಿ ಲೇಖಕ ಅಂತ ಇದ್ದದ್ದು ಸ್ಟ್ಯಾನ್‌ಫರ್ಡನ ಸ್ನೇಹಿತ ಡಾಕ್ಟರ್ ಸ್ಟಿಲ್‌ಮನ್ ಹೆಸರು. ಮಾಡಿಸಿದವರು ಅಂತ ಸ್ಟ್ಯಾನ್‌ಫರ್ಡ್ ಹೆಸರು. ಒಳಗೆ ಮೈಬ್ರಿಜ್ ಫೋಟೋಗಳನ್ನು ನೋಡಿಕೊಂಡು ಬರೆದ ಚಿತ್ರಗಳು. ಮುಖಪುಟದಲ್ಲಿ ಮೈಬ್ರಿಜ್ ಹೆಸರೇ ಇಲ್ಲ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗಾಯಿತು. ಕೆಲಸ ನಿಜವಾಗಿ ಯಾರದ್ದು ಅಂತ ರಾಯಲ್ ಸೊಸೈಟಿಗೆ ಅನುಮಾನ ಬಂತು. ಪ್ರಬಂಧ ಪ್ರಕಟಿಸೋದನ್ನು ಕೈಬಿಟ್ಟರು. ವರ್ಷಗಳ ಕಾಲ ದುಡಿದವನು ಅದೇ ಲಂಡನ್ನಿನಲ್ಲಿ ಕಳ್ಳನ ಹಾಗೆ ನಿಲ್ಲಬೇಕಾಯಿತು. ಸ್ಟ್ಯಾನ್‌ಫರ್ಡ್ ಮೇಲೆ ಕೇಸು ಹಾಕಿದ, ಗೆಲ್ಲಲಿಲ್ಲ.

ಸ್ಟ್ಯಾನ್‌ಫರ್ಡ್ ಕಡೆಯಿಂದಲೂ ಒಂದು ವಾದ ಇರಬಹುದು: ದುಡ್ಡು ನನ್ನದು, ಕುದುರೆ ನನ್ನದು, ಎಂಜಿನಿಯರ್ ನನ್ನವನು, ಸಂಬಳಕ್ಕೆ ಫೋಟೋ ತೆಗೆದವನದ್ದೇನು ಅಂತ. ಆ ಕುದುರೆ ಫಾರ್ಮಿನ ಜಾಗದಲ್ಲೇ ಇವತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಇದೆ. ನಮ್ಮಲ್ಲಿ ಎಷ್ಟೋ ಜನ ಎಂಎಸ್ ಮಾಡೋಕೆ ಕನಸು ಕಾಣುವ ಜಾಗ.

ಈ ಭಾಗ ಓದುವಾಗ ನಮ್ಮ ನಾಲ್ವರಲ್ಲಿ ಒಬ್ಬರು ಲ್ಯಾಪ್‌ಟಾಪ್ ತೆಗೆದು ನಮ್ಮ ಪಿಪಿಟಿಯ ಕೊನೇ ಸ್ಲೈಡ್ ತೋರಿಸಿದರು. ಅಲ್ಲಿ ನಾವೇ ಬರೆದಿದ್ದೆವು: ಚಿತ್ರ ಕೃಪೆ, ಇಂಟರ್ನೆಟ್. ಕಾರಿಡಾರಿನಲ್ಲಿ ಬೋರಲಾಗಿ ಮಲಗಿ ಮೊಣಕೈ ತರಚಿಕೊಂಡವನ ಹೆಸರು ಎಲ್ಲೂ ಇರಲಿಲ್ಲ. ಬೇಕಂತ ಬಿಟ್ಟದ್ದಲ್ಲ, ಹಳೇ ಟೆಂಪ್ಲೇಟಿನಲ್ಲಿ ಹಾಗೇ ಇತ್ತು ಅಷ್ಟೇ. ಆದರೆ ಆ ಮಾತನ್ನು ಜೋರಾಗಿ ಹೇಳೋಕೆ ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ಬಿದ್ದವನು ಎದ್ದದ್ದು

ಮೈಬ್ರಿಜ್ ಅಲ್ಲಿಗೇ ಮುಗಿದುಹೋಗಲಿಲ್ಲ. 1884ರಿಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಬೆಂಬಲದಲ್ಲಿ ಮತ್ತೆ ಶುರು ಮಾಡಿದ. ಈಗ ಒಣ ಪ್ಲೇಟುಗಳು ಬಂದಿದ್ದವು, ಕೆಲಸ ಸಲೀಸು. ಹಿಂದೆ ಚೌಕಳಿ ಗೆರೆಯ ಪರದೆ, ಒಂದೇ ಚಲನೆಯನ್ನು ಒಂದೇ ಸಲಕ್ಕೆ ಬೇರೆ ಬೇರೆ ಕೋನಗಳಿಂದ ಹಿಡಿಯುವ ಕ್ಯಾಮೆರಾ ಸಾಲುಗಳು. ಕುದುರೆ ಮಾತ್ರ ಅಲ್ಲ, ಮೃಗಾಲಯದ ಪ್ರಾಣಿಗಳು, ಹಕ್ಕಿಗಳು, ಮೆಟ್ಟಿಲು ಹತ್ತುವವರು, ಕುಸ್ತಿ ಆಡುವವರು, ಬಟ್ಟೆ ಒಗೆಯುವವರು, ನಡೆಯೋಕೆ ಕಷ್ಟಪಡುವ ರೋಗಿಗಳು. 1887ರಲ್ಲಿ ಅನಿಮಲ್ ಲೋಕೊಮೋಷನ್ ಎಂಬ ಹೆಸರಿನಲ್ಲಿ 781 ಫಲಕಗಳು ಹೊರಬಂದವು. ಈ ಸಲ ಹೆಸರು ತನ್ನದೇ.

ಆದರೆ ಇಲ್ಲೂ ಒಂದು ಪಾಠ ಇದೆ. ಈ ಫಲಕಗಳನ್ನು ಆಮೇಲೆ ಕೂಲಂಕಷವಾಗಿ ನೋಡಿದ ಸಂಶೋಧಕರಿಗೆ, ಕೆಲವು ಸಾಲುಗಳಲ್ಲಿ ಕೆಟ್ಟುಹೋದ ಚಿತ್ರದ ಜಾಗಕ್ಕೆ ಬೇರೆ ಚಿತ್ರ ಸೇರಿಸಿರೋದು, ಕ್ರಮ ಬದಲಿಸಿರೋದು ಕಂಡಿತು. ಮೋಡ ಅಂಟಿಸುವ ಹಳೇ ಚಾಳಿ ಬಿಟ್ಟಿರಲಿಲ್ಲ! ಚಂದ ಕಾಣಲಿ ಅಂತ ಡೇಟಾ ತಿದ್ದೋದು ಲ್ಯಾಬ್ ರೆಕಾರ್ಡ್ ಬರೆಯುವ ನಮಗೆ ಹೊಸ ವಿಷಯ ಏನಲ್ಲ ಬಿಡಿ. ಆದರೆ ಪುರಾವೆ ಅಂತ ಶುರುವಾದದ್ದು ಮತ್ತೆ ಅಲಂಕಾರ ಆಗೋದು ಎಷ್ಟು ಸುಲಭ ಅನ್ನಿಸಿತು.

1888ರಲ್ಲಿ ಎಡಿಸನ್‌ನನ್ನು ಭೇಟಿ ಮಾಡಿದ. ನನ್ನ ಚಿತ್ರ, ನಿನ್ನ ಫೋನೋಗ್ರಾಫ್ ಸೇರಿಸಿದರೆ ಹೇಗೆ ಅಂತ ಮಾತಾಡಿದೆವು ಎಂದು ಆಮೇಲೆ ಬರೆದುಕೊಂಡಿದ್ದಾನೆ. 1893ರ ಚಿಕಾಗೋ ಮಹಾಮೇಳದಲ್ಲಿ ತನ್ನ ಪ್ರದರ್ಶನಕ್ಕೇ ಒಂದು ಮಂದಿರ ಕಟ್ಟಿದ, ಲಾಭ ಬರಲಿಲ್ಲ. ಅಷ್ಟರಲ್ಲಿ ಎಡಿಸನ್ ಕಂಪನಿಯ ಯಂತ್ರ, ಲೂಮಿಯೇರ್ ಸಹೋದರರ ಸಿನಿಮಾ ಬಂದವು. ಒಂದು ಸುತ್ತಿಗೆ ಮುಗಿಯುವ ತಟ್ಟೆ ಹೋಗಿ ಉದ್ದನೆ ಫಿಲ್ಮ್ ಸುರುಳಿ ಬಂತು. ಮೈಬ್ರಿಜ್ ಹುಟ್ಟೂರಿಗೆ ವಾಪಸ್ ಹೋದ. ಕೊನೇ ದಿನಗಳಲ್ಲಿ ಹಿತ್ತಲಿನಲ್ಲಿ ಅಮೆರಿಕದ ಮಹಾಸರೋವರಗಳ ಮಾದರಿ ತೋಡುತ್ತಿದ್ದನಂತೆ. 1904ರ ಮೇ 8ರಂದು ತೀರಿಕೊಂಡ.

ಜೀವನವಿಡೀ ಹೆಸರನ್ನು ತಿದ್ದಿ ತೀಡಿದ ಮನುಷ್ಯ, ಪುಸ್ತಕದಲ್ಲಿ ಹೆಸರಿಲ್ಲ ಅಂತ ಕೋರ್ಟಿಗೆ ಹೋದ ಮನುಷ್ಯ. ಆತನ ಸಮಾಧಿಯ ಕಲ್ಲಿನ ಮೇಲೆ ಕೆತ್ತಿರೋದು ಮೇಬ್ರಿಜ್ ಅಂತ. ಒಂದಕ್ಷರ ತಪ್ಪು!

ಮತ್ತೆ ನಮ್ಮ ಸ್ಲೈಡಿಗೆ

ಅನಿಮಲ್ ಲೋಕೊಮೋಷನ್ ಬಂದು ಸರಿಯಾಗಿ ನೂರು ವರ್ಷಕ್ಕೆ, 1987ರಲ್ಲಿ, ಪವರ್‌ಪಾಯಿಂಟ್ ಬಂತು. 2017ರಲ್ಲಿ ಹಾರ್ವರ್ಡ್ ವಿಜ್ಞಾನಿಗಳು ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ವೀಡಿಯೋ ಶೇಖರಿಸಬಹುದಾ ಅಂತ ಪರೀಕ್ಷೆ ಮಾಡಿದಾಗ ಆರಿಸಿಕೊಂಡದ್ದು ಮೈಬ್ರಿಜ್ ಕುದುರೆಯ 5 ಚಿತ್ರಗಳನ್ನೇ. ಮೇಟ್ರಿಕ್ಸ್ ಸಿನಿಮಾದಲ್ಲಿ ಗುಂಡು ತಪ್ಪಿಸಿಕೊಳ್ಳುವ ದೃಶ್ಯಕ್ಕೂ ಸಾಲುಸಾಲು ಕ್ಯಾಮೆರಾಗಳೇ.

ನಾವು ಹಳೇ ಅನಿಮೇಷನ್ ಎಲ್ಲ ಕಿತ್ತುಹಾಕಿದೆವು. ಗೆಳೆಯ ತೆಗೆದ ಫೋಟೋಗಳಲ್ಲಿ ಒಂದಾದ ಮೇಲೆ ಒಂದು ಬರುವ 12 ಆರಿಸಿ, ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿ, ಒಂದೇ ಸ್ಲೈಡಿನಲ್ಲಿ ಒಂದರ ಮೇಲೊಂದು ಕೂರಿಸಿದೆವು. ಪ್ರತಿಯೊಂದಕ್ಕೂ ಅಪಿಯರ್ ಎಂಬ ಅತಿ ಸಾದಾ ಎಫೆಕ್ಟ್, ಆಫ್ಟರ್ ಪ್ರೀವಿಯಸ್, 0.1 ಸೆಕೆಂಡ್ ಡಿಲೇ. ರೋಬೋಟಿನ ಹಿಂದೆ ಗ್ರಾಫ್ ಶೀಟ್ ಅಂಟಿಸಿರಲಿಲ್ಲವಲ್ಲ ಅಂತ ಬೇಜಾರಾಯಿತು, ನೆಲದ ಟೈಲ್ಸ್ ಗೆರೆಯನ್ನೇ ಅಳತೆಗೆ ಹಿಡಿದೆವು. ಮೊದಲು 12 ಚಿತ್ರಗಳನ್ನೂ ಸಾಲಾಗಿ ತೋರಿಸುವ ಸ್ಲೈಡ್, ಆಮೇಲೆ ಓಡುವ ಸ್ಲೈಡ್. ಮೈಬ್ರಿಜ್ ಕ್ರಮವೇ.

ಪ್ಲೇ ಒತ್ತಿದೆವು. ರೋಬೋಟಿನ ಹಿಂದಿನ ಎಡಗಾಲು ಒಂದು ಸಲವೂ ಮೇಲೆ ಏಳಲಿಲ್ಲ. ಮೂರು ಕಾಲಿನಲ್ಲಿ ನಡೆದು ನಾಲ್ಕನೆಯದನ್ನು ಎಳೆದುಕೊಂಡು ಹೋಗುತ್ತಿತ್ತು. ಒಂದು ತಿಂಗಳಿಂದ ದಿನಾ ನೋಡ್ತಿದ್ದೆವು, ಯಾರಿಗೂ ಕಂಡಿರಲಿಲ್ಲ. ಸರ್ವೋ ಮೋಟರಿನ ಕೀಲು ಸಡಿಲವಾಗಿತ್ತು.

ಸರ್ ಮುಂದೆ ಅದನ್ನೇ ತೋರಿಸಿ, ನಮ್ಮ ರೋಬೋಟ್ ಇನ್ನೂ ಪೂರ್ತಿ ನಡೆಯಲ್ಲ ಅಂತ ಒಪ್ಪಿಕೊಂಡೆವು. ಮಾರ್ಕ್ಸ್ ಎಷ್ಟು ಬಂತು ಅಂತ ಕೇಳಬೇಡಿ. ಕೊನೇ ಸ್ಲೈಡ್ ತೆಗೆದು, ಮೊದಲ ಸ್ಲೈಡಿನಲ್ಲೇ ನಮ್ಮ ನಾಲ್ವರ ಹೆಸರಿನ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಫೋಟೋ ತೆಗೆದವನ ಹೆಸರು ಹಾಕಿದ್ದೆವು. ರಾತ್ರಿ ಅವನಿಗೆ ತೋರಿಸಿದಾಗ ಸ್ಕ್ರೀನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ, ಇನಿಷಿಯಲ್ ತಪ್ಪಾಗಿದೆ ಅಂದ. ಕೂತಲ್ಲೇ ತಿದ್ದಿದೆವು.